ದೋಣಿ ಇಳಿದ ಅಕ್ಕಿ

“ಗುರುಗಳೇ, ಅಕ್ಕಿ ಮುಡಿಗಳು ಬೆಳಗ್ಗೆಯೇ ದೋಣಿಯೇರಿದವು. ಅಂಬಿಗರು ನುರಿತವರು. ಘಟ್ಟ ಹತ್ತಿಸುವ ಹೇರೆತ್ತಿನವರು ನಂಬಿಕಸ್ತರು. ಮೇಲಿನ ಮಠದಲ್ಲಿ ಹಸಿದು ಕೂತ ಮಕ್ಕಳಿಗೆ ಊಟ ತಲುಪಿದಂತೆಯೇ. ಇನ್ನೂ ಏಕೆ ಚಿಂತಿಸುತ್ತೀರಿ?” ಎಂದು ಶಿಷ್ಯ ಮರುಳಯ್ಯ ಕೇಳಿದನು.

ಗುರುಗಳು ಹೇಳಿದರು: “ಭಲೇ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದೆಯಾ? ಕೂತು ಕೇಳು. ಹಿಂದೆ ಒಬ್ಬ ವರ್ತಕನಿದ್ದನು. ಘಟ್ಟದ ಮೇಲಿನ ಅವನ ಊರಿನಲ್ಲಿ ಕಣಜಕ್ಕೆ ಬೆಂಕಿ ಬಿತ್ತು. ಒಂದು ಕಾಳೂ ಉಳಿಯಲಿಲ್ಲ. ಅವನ ಹೆಂಡತಿ, ಎಳೆಗೂಸು ಅಲ್ಲೇ ಇದ್ದರು. ಊರವರು ಕೈಮುಗಿದು ಅಕ್ಕಿ ತರಲು ಅವನನ್ನು ಕರಾವಳಿಗೆ ಕಳಿಸಿದರು.

“ಅವನು ಅಕ್ಕಿ ಕೊಂಡನು. ಹೊಳೆ ಇರುವಷ್ಟು ದೂರ ದೋಣಿ, ಅಲ್ಲಿಂದ ಮೇಲಕ್ಕೆ ಎತ್ತು ಎಂದು ಗೊತ್ತುಮಾಡಿದನು. ಅಂಬಿಗನನ್ನು ‘ತಲುಪಿಸುತ್ತೀಯಾ?’ ಎಂದು ಕೇಳಿದನು. ಅವನು ಹೂಂ ಎಂದನು. ಎತ್ತಿನವನನ್ನು ‘ಹೊರಿಸುತ್ತೀಯಾ?’ ಎಂದು ಕೇಳಿದನು. ಅವನೂ ಹೂಂ ಎಂದನು. ಇಬ್ಬರೂ ಸುಳ್ಳು ಹೇಳಿರಲಿಲ್ಲ.

“ಕರಾವಳಿಯವರು ವಾಡಿಕೆಯಂತೆ ಅಕ್ಕಿಯನ್ನು ಹುಲ್ಲಿನಲ್ಲಿ ಬಿಗಿದು ಉರುಟು ಮುಡಿ ಕಟ್ಟಿ ಕೊಟ್ಟರು. ದೋಣಿ ಘಟ್ಟದ ಬುಡ ಮುಟ್ಟಿತು. ಮಳೆ ಶುರುವಾಗಿತ್ತು, ಹೊಳೆ ಏರುತ್ತಿತ್ತು. ಅಂಬಿಗರು ಹೆದರಿ ಮುಡಿಗಳನ್ನು ಮರಳಿನ ಮೇಲೆ ಇಳಿಸಿ ಹೊರಟೇಹೋದರು.

“ಎತ್ತಿನವನು ಮುಡಿ ನೋಡಿ ಹಿಂದೆ ಸರಿದನು. ‘ಇದು ಎತ್ತಿನ ಬೆನ್ನ ಮೇಲೆ ನಿಲ್ಲುವುದಿಲ್ಲ ಧಣಿ. ಎರಡೂ ಪಕ್ಕಕ್ಕೆ ಸಮತೂಕದ ಜೋಡಿ ಚೀಲ ಬೇಕು. ಹೇರು ವಾಲಿದರೆ ಎತ್ತೂ ನಾನೂ ಕಂದಕಕ್ಕೇ. ಚೀಲ ಎಲ್ಲಿ?’

“ವರ್ತಕ ಸುತ್ತ ನೋಡಿದನು. ಚೀಲವಿರಲಿಲ್ಲ. ಅಕ್ಕಿ ಬಿಚ್ಚಿ ತುಂಬಲು ಒಂದು ಸೂರೂ ಇರಲಿಲ್ಲ. ‘ಅಯ್ಯೋ, ನನ್ನ ಕೂಸು ಮೇಲಿದೆ ಕಣಪ್ಪಾ!’ ಎಂದು ಕೂಗಿಕೊಂಡನು. ಎತ್ತಿನವನ ಕಣ್ಣಲ್ಲೂ ನೀರು ಬಂತು. ಆದರೆ ಕಣ್ಣೀರಿನಿಂದ ಏನಾದೀತು? ಅವರಿಬ್ಬರೂ ನೋಡುತ್ತಿದ್ದಂತೆಯೇ ಹೊಳೆ ಮುಡಿಗಳನ್ನು ಒಂದೊಂದಾಗಿ ಎಳೆದುಕೊಂಡು ಹೋಯಿತು.

“ಕೊನೆಗೆ ವರ್ತಕ ಉಳಿದ ಒಂದು ಮುಡಿ ಕಿತ್ತು, ತಲೆಯ ರುಮಾಲಿನಲ್ಲಿ ಹಿಡಿಯುವಷ್ಟು ಅಕ್ಕಿ ಗಂಟು ಕಟ್ಟಿಕೊಂಡು ಘಟ್ಟ ಹತ್ತಿದನು. ಊರು ಮುಟ್ಟಿದಾಗ ಒಂದು ಒಲೆಯಲ್ಲೂ ಹೊಗೆಯಿರಲಿಲ್ಲ. ತನ್ನ ಮನೆಯ ಮುಂದೆ ನಿಂತನು. ಒಳಗಿನಿಂದ ಅಳುವ ಸದ್ದು ಕೇಳಲಿಲ್ಲ. ಬಾಗಿಲು ತಟ್ಟಲು ಅವನಿಗೆ ಕೈ ಬರಲಿಲ್ಲ.”

ಮರುಳಯ್ಯ ಕೇಳಿದನು: “ಕೂಸು ಬದುಕಿತ್ತೇ, ಗುರುಗಳೇ?”

“ಅದಿರಲಿ, ನಿನ್ನ ಮುಡಿಗಳು ಇಷ್ಟು ಹೊತ್ತಿಗೆ ದಡ ಮುಟ್ಟಿರುತ್ತವೆ, ಅಲ್ಲಿ ಚೀಲ ಹಿಡಿದು ನಿಂತವರು ಯಾರು?”