ಕ್ಯಾಸೆಟ್ಟು ಬರೆಸಿದ ಚೀಟಿ

"ನನ್ನ ಹೊಟ್ಟೆಯೊಳಗೆ ಒಂದು ಬಯಲಾಟ ಐತಿ. ಅದರಲ್ಲಿ ಭೀಮ ಗದೆ ಬೀಸಿದ ಗಾಳಿಗೆ ಮೂರು ಊರಿನ ದೀಪ ಆರಿದ್ದವು" ಎಂದು ಮಹಿಳಾ ಸಂಘದ ಕಪಾಟಿನಲ್ಲಿದ್ದ ಹಳೆ ವಿಡಿಯೊ ಕ್ಯಾಸೆಟ್ಟು ದಿನಾ ಹೇಳುತ್ತಿತ್ತು. ಇಲ್ಲ ಅನ್ನುವವರು ಯಾರು? ಅದನ್ನು ಹಾಕಿ ನೋಡುವ ಯಂತ್ರ ಗುಜರಿ ಸೇರಿ ಇಪ್ಪತ್ತು ವರ್ಷವಾಗಿತ್ತು.

ಕೊನೆಗೊಮ್ಮೆ ಸಂಘದವರು ಊರಿನ ವಿಡಿಯೊಗಳನ್ನೆಲ್ಲ ಇಂಟರ್‌ನೆಟ್ಟಿಗೆ ಏರಿಸಲು ಹೊರಟರು. ಖಾಲಿ ಚೀಟಿಯೊಂದು ಬಂದು ಕ್ಯಾಸೆಟ್ಟಿನ ಬೆನ್ನಿಗೆ ಅಂಟಿಕೊಂಡಿತು.

"ಕಾಕಾ, ನಿಮ್ಮೊಳಗೆ ಯಾರಿದ್ದಾರೆ? ಏನು ಮಾಡುತ್ತಿದ್ದಾರೆ? ನನ್ನ ಮೇಲಿರುವ ಮಾತು ಹಿಡಿದೇ ಜನ ನಿಮ್ಮನ್ನು ಹುಡುಕುವುದು."

"ಬರಕೋ ತಂಗಿ" ಎಂದು ಕ್ಯಾಸೆಟ್ಟು ಎದೆಯುಬ್ಬಿಸಿತು. "ಭೀಮ, ಗದಾಯುದ್ಧ, ಮಹಾ ಅದ್ಭುತ."

ಸಂಘದವರು ಪಟ್ಟಣದ ಅಂಗಡಿಯಲ್ಲಿ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಬಂದು, ತೆರೆದು ನೋಡದೆ ಚೀಟಿಯನ್ನೇ ನಂಬಿ ಹಾಗೇ ಏರಿಸಿದರು. ಭೀಮನನ್ನು ಹುಡುಕುತ್ತ ಸಾವಿರ ಜನ ಬಂದರು, ಅರೆಗಳಿಗೆ ನೋಡಿ ಬೈದು ಹೋದರು. ಬೈದದ್ದನ್ನು ಬಿಟ್ಟು, ಬಂದದ್ದನ್ನಷ್ಟೇ ಕ್ಯಾಸೆಟ್ಟು ಕಪಾಟಿಗೆಲ್ಲ ಸಾರಿತು.

ಅದೇ ವಾರ ಒಬ್ಬಾಕೆ ಸಂಘದ ಕಂಪ್ಯೂಟರ್ ಮುಂದೆ ಕೂತು "ಫಕೀರವ್ವ, ಕೌದಿ ಹೊಲಿಗೆ" ಎಂದು ಹುಡುಕಿದಳು. ಏನೂ ಸಿಗಲಿಲ್ಲ. "ನಮ್ಮವ್ವ ಕೌದಿ ಹೊಲಿಯೋದನ್ನ ಯಾರೋ ವಿಡಿಯೊ ತೆಗೆದಿದ್ರಂತೆ. ಆಕಿ ಮುಖ ಇರೋದು ಅದೊಂದರಾಗ" ಎಂದು ಹೇಳಿ, ಕಣ್ಣೊರೆಸಿಕೊಂಡು ಎದ್ದು ಹೋದಳು.

ಚೀಟಿ ಮೆಲ್ಲಗೆ ಕೇಳಿತು. "ಕಾಕಾ, ಏರಿಸಿದ ಮೇಲೆ ನಾನೂ ಪೂರಾ ನೋಡಿದೆ. ಭೀಮ ಎಲ್ಲೂ ಬರಲಿಲ್ಲ. ಒಬ್ಬ ಮುದುಕಿ ತಾಸುಗಟ್ಟಲೆ ಕೂತು ಹಳೆ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿದಳು. ಅವಳೇ ಫಕೀರವ್ವ ಅಲ್ಲವೇ?"

"ಇರಬಹುದು" ಎಂದು ಕ್ಯಾಸೆಟ್ಟು ಮೈ ಕೊಡವಿತು. "ಅಂಥವಳನ್ನ ಹುಡುಕಿಕೊಂಡು ಯಾರು ಬರ್ತಾರೆ ಅಂದ್ಕೊಂಡಿದ್ದೆ."