ಕುಕ್ಕೆ ಕಟ್ಟಿದ ಕಡಸು

"ಬುದ್ಧಿ, ಒಂದೇ ಮನೆ, ಒಂದೇ ಪಾತ್ರೆಯ ಅನ್ನ. ನನ್ನ ಮಗಳು ಉಂಡು ಎದ್ದು ಹೋಗುತ್ತಾಳೆ. ಓದಿಗೆಂದು ತಂಗಿ ನಮ್ಮಲ್ಲಿ ಬಿಟ್ಟಿರುವ ಅವಳ ಮಗಳಿಗೆ ಮಾತ್ರ ಎಷ್ಟು ಬಡಿಸಿದರೂ ಸಾಲದು. ಹದಿನಾಲ್ಕಕ್ಕೇ ಮೈ ಭಾರವಾಗಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ಇದು ಬಾಯಿಚಪಲವಲ್ಲದೆ ಮತ್ತೇನು?" ಎಂದು ಪಂಚಾಕ್ಷರಿ ಗುರುಗಳನ್ನು ಕೇಳಿದ.

ಅವಳನ್ನು ಬೈದೂ ಆಗಿತ್ತು, ನಾಲ್ಕು ಜನರ ಎದುರು ಹಂಗಿಸಿಯೂ ಆಗಿತ್ತು. ಹುಡುಗಿ ಈಗ ಮನೆಯವರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದಳು. ನಾಳೆಯಿಂದ ಅಡುಗೆಮನೆಗೆ ಬೀಗ ಹಾಕಿ ಅವಳಿಗೆ ಒಂದೇ ಹೊತ್ತು ಊಟ ಕೊಡಬೇಕೆಂದು ಅವನು ತೀರ್ಮಾನಿಸಿದ್ದ. ಗುರುಗಳು ಹೂಂ ಎಂದರೆ ಸಾಕಿತ್ತು.

ಗುರುಗಳು ನಕ್ಕರು. ಒಂದು ಕತೆ ಹೇಳುತ್ತೇನೆ, ಮಗುವನ್ನು ದನಕ್ಕೆ ಹೋಲಿಸುತ್ತಿಲ್ಲ, ನಿನ್ನನ್ನು ದನದ ಯಜಮಾನನಿಗೆ ಹೋಲಿಸುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡ ಎಂದು ಶುರುಮಾಡಿದರು.

ಒಬ್ಬ ರೈತನ ಕೊಟ್ಟಿಗೆಯಲ್ಲಿ ಎರಡು ಕಡಸುಗಳಿದ್ದವು. ಮೇವು ಒಂದೇ, ನೀರು ಒಂದೇ. ಒಂದು, ಹೊಟ್ಟೆ ತುಂಬಿದೊಡನೆ ಮಲಗಿ ಮೆಲುಕು ಹಾಕುತ್ತಿತ್ತು. ಇನ್ನೊಂದು ತನ್ನ ಗೋದಲಿ ಖಾಲಿ ಮಾಡಿ ಪಕ್ಕದ್ದಕ್ಕೂ ಬಾಯಿ ಹಾಕುತ್ತಿತ್ತು. ಎಂಥ ಹೊಟ್ಟೆಬಾಕ ಪ್ರಾಣಿಯಪ್ಪ ಎಂದು ರೈತನಿಗೆ ಸಿಟ್ಟು ಬಂತು. ಒಕ್ಕಣೆಯ ಕಣದಲ್ಲಿ ಎತ್ತು ಕಾಳಿಗೆ ಬಾಯಿ ಹಾಕದಿರಲೆಂದು ಹಗ್ಗದ ಕುಕ್ಕೆ ಕಟ್ಟುತ್ತಾರಲ್ಲ, ಅದನ್ನು ಕೊಟ್ಟಿಗೆಯಲ್ಲೇ ಕಡಸಿನ ಮೂತಿಗೆ ಬಿಗಿದ. ಸಂಜೆಗೆ ಬಿಚ್ಚಿ ಒಂದು ಹಿಡಿ ಹುಲ್ಲು ಹಾಕಿದ. ಹಸಿದ ಕಡಸು ಸೂರಿನ ಹುಲ್ಲನ್ನೂ ಎಳೆದು ತಿಂದಿತು. ಅವನನ್ನು ಕಂಡರೆ ನಡುಗಿ ಮೂಲೆಗೆ ಸರಿಯತೊಡಗಿತು.

ಸಾಕಾಗಿ ಹೋಗಿ ರೈತ ಅದನ್ನು ಸಂತೆಗೆ ಹೊಡೆದುಕೊಂಡು ಹೋದ. ಕೊಳ್ಳಲು ಬಂದ ಮುದುಕ ಹಲ್ಲು ನೋಡಿದ, ಸುಳಿ ನೋಡಿದ. ತಾಯಿಯ ವಿಚಾರ ಕೇಳದೆ ಕರು ಕೊಳ್ಳುವವರು ಯಾರಿದ್ದಾರೆ?

"ಇದರ ತಾಯಿ ಹೇಗಿತ್ತು?" ಎಂದ ಮುದುಕ.

ರೈತನಿಗೆ ಆ ತಾಯಿ ನೆನಪಾಯಿತು. ತಾಯಿ ಅವನ ಅಪ್ಪನ ಕಾಲದ ಹಸು. ಅದೂ ಹೀಗೆಯೇ, ಎಷ್ಟು ಹಾಕಿದರೂ ಹಸಿವು ತೀರದ ಜೀವ. ಅಪ್ಪ ಅದರ ಮೇಲೆ ಒಂದು ದಿನವೂ ಕೋಲೆತ್ತಿರಲಿಲ್ಲ. ಹಿಂಡಿ ಕಡಿಮೆ ಮಾಡಿ ಒಣಹುಲ್ಲು ಧಾರಾಳವಾಗಿ ಹಾಕುತ್ತಿದ್ದ. ಹಿತ್ತಲಲ್ಲೇ ಬಾವಿಯಿದ್ದರೂ ದೂರದ ಕೆರೆಗೆ ನಡೆಸಿಕೊಂಡು ಹೋಗಿ ನೀರು ಕುಡಿಸುತ್ತಿದ್ದ. ಹಸು ತೆಳ್ಳಗೇನೂ ಆಗಲಿಲ್ಲ. ಆದರೆ ಕಾಯಿಲೆ ಬೀಳದೆ ಬಹುಕಾಲ ಬಾಳಿತು.

ಹೆತ್ತವಳಿಂದ ಬಂದ ಹಸಿವಿಗೆ ಇದರ ಬಾಯಿ ಕಟ್ಟಿದೆನಲ್ಲ ಎಂದು ರೈತನಿಗೆ ತನ್ನ ಮೇಲೇ ಅಸಹ್ಯವಾಯಿತು. ಮಾರುವುದಿಲ್ಲ ಎಂದು ಮುದುಕನಿಗೆ ಹೇಳಿ, ಕಡಸನ್ನು ಕೆರೆಯ ದಾರಿಯಲ್ಲಿ ನಡೆಸಿಕೊಂಡು ಮನೆಗೆ ಬಂದ.

"ಹಾಗಾದರೆ ಅವಳು ಬೇಕಾದ್ದೆಲ್ಲ ತಿನ್ನಲಿ ಎನ್ನುತ್ತೀರಾ, ಬುದ್ಧಿ?" ಎಂದ ಪಂಚಾಕ್ಷರಿ.

ರೈತನ ಅಪ್ಪ ಮೇವನ್ನೂ ಬದಲಿಸಿದ್ದ, ಜೊತೆಗೆ ತಾನೂ ನಡೆದಿದ್ದ, ಅದನ್ನು ನೀನು ಕೇಳಿಸಿಕೊಳ್ಳಲಿಲ್ಲ ಎಂದರು ಗುರುಗಳು. ಆಮೇಲೆ ಅವನ ಮುಖವನ್ನೇ ನೋಡುತ್ತ ಕೇಳಿದರು:

"ಆ ಹುಡುಗಿಯ ಅಜ್ಜಿ, ನಿನ್ನನ್ನು ಹೆತ್ತ ತಾಯಿ, ಹೇಗೆ ಉಣ್ಣುತ್ತಿದ್ದರು ಪಂಚಾಕ್ಷರಿ?"