ಕೆಂಪಿ ಕಣ್ಣು ಬಿಡಲ್ಲ

ಬನ್ನಿ ಮಕ್ಕಳೇ, ಹತ್ತಿರ ಬನ್ನಿ. ಕೈ ಒದ್ದೆ ಇದ್ದರೆ ಒರೆಸಿಕೊಂಡು ಬನ್ನಿ. ಇದು ಕರೆಂಟು ಒಲೆಯ ಕಥೆ. ಒದ್ದೆ ಕೈಯವರಿಗೆ ನಾನು ಹೇಳುವುದಿಲ್ಲ.

ಒಂದು ಹೊಳೆ. ಹೊಳೆಗೆ ಒಂದು ಕಟ್ಟೆ. ಕಟ್ಟೆಯ ಕೆಳಗೆ ಒಂದು ಪವರ್‌ಹೌಸು. ಅದರ ಹೆಸರು ಕಲ್ಮಡು ಪವರ್‌ಹೌಸು. ಹೊಳೆ ಧುಮುಕುತ್ತದೆ, ಚಕ್ರ ತಿರುಗುತ್ತದೆ, ಕರೆಂಟು ಹುಟ್ಟುತ್ತದೆ. ಹುಟ್ಟಿದ ಕರೆಂಟು ಊರೂರಿಗೆ ಹೋಗುತ್ತದೆ. ಎಲ್ಲರಿಗಿಂತ ಮೊದಲು ಸಣ್ಣತಾಯಮ್ಮನ ಅಡುಗೆಮನೆಗೆ ಬರುತ್ತದೆ.

ಸಣ್ಣತಾಯಮ್ಮ ಅಂದರೆ ಪವರ್‌ಹೌಸ್ ಕ್ಯಾಂಟೀನಿನ ಅಡುಗೆಯಾಕೆ. ಆಕೆಯ ದನಿ ದೊಡ್ಡದು. ಹೆಮ್ಮೆ ಅದಕ್ಕಿಂತ ದೊಡ್ಡದು. ಹೆಮ್ಮೆ ಯಾತರದು? ಒಲೆಯದು.

ಒಲೆ ಅಂದರೆ ಅಂತಿಂಥ ಒಲೆಯಲ್ಲ. ಬೀರುವಿನಷ್ಟು ದೊಡ್ಡ ಒಲೆ. ತಲೆಯ ಮೇಲೆ ಕಾಯುವ ತಂತಿಯ ನಾಲ್ಕು ಸುರುಳಿ. ಹೊಟ್ಟೆಯಲ್ಲಿ ಬನ್ನು ಬೇಯಿಸುವ ಗೂಡು. ಗೂಡಿಗೆ ಹೊಳೆಯುವ ಬಾಗಿಲು. ಹಣೆಯಲ್ಲಿ ಒಂದು ಪುಟ್ಟ ಕೆಂಪು ದೀಪ. ಸ್ವಿಚ್ಚು ಹಾಕಿದರೆ ಕೆಂಪು ದೀಪ ಕಣ್ಣು ಬಿಡುತ್ತದೆ. ಅದಕ್ಕೇ ಒಲೆಗೆ ಕೆಂಪಿ ಅಂತ ಹೆಸರು.

ಹನ್ನೆರಡು ವರ್ಷದಿಂದ ಕೆಂಪಿ ಬೇಯಿಸುತ್ತದೆ, ಸಣ್ಣತಾಯಮ್ಮ ಬಡಿಸುತ್ತಾಳೆ. ಒಂದು ಗಂಟೆಗೆ ಊಟದ ಸೈರನ್ನು ಕೂಗುತ್ತದೆ. ಅದು ಕೂಗುವ ಮೊದಲೇ ನಲವತ್ತು ತಟ್ಟೆಯಲ್ಲಿ ನಲವತ್ತು ಮುದ್ದೆ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಸೈರನ್ನು ಆಕೆಯನ್ನು ಗೆದ್ದಿಲ್ಲ. ಒಂದೇ ಒಂದು ದಿನವೂ ಇಲ್ಲ.

ಸಣ್ಣತಾಯಮ್ಮ ಒದ್ದೆ ಕೈಯಲ್ಲಿ ಕೆಂಪಿಯನ್ನು ಮುಟ್ಟುತ್ತಿರಲಿಲ್ಲ. ಕೆಂಪಿಯ ಮೇಲೆ ಬಟ್ಟೆ ಒಣಹಾಕುತ್ತಿರಲಿಲ್ಲ. ಪಾತ್ರೆಯ ಹಿಡಿ ಹೊರಗೆ ಚಾಚಿ ಇಡುತ್ತಿರಲಿಲ್ಲ. ಎಲ್ಲ ಸರಿ. ಒಂದು ಮಾತ್ರ ತಪ್ಪು. ಆಕೆ ಒಲೆ ಆರಿಸುತ್ತಿರಲಿಲ್ಲ. ಕಲ್ಮಡುವಿನಲ್ಲಿ ಯಾರೂ ಆರಿಸುತ್ತಿರಲಿಲ್ಲ. ಹೊಳೆ ನಮ್ಮದು, ಚಕ್ರ ನಮ್ಮದು, ಕರೆಂಟು ನಮ್ಮದು, ಆರಿಸುವುದು ಯಾಕೆ ಅನ್ನುತ್ತಿದ್ದರು.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆ. ಸಣ್ಣತಾಯಮ್ಮ ಕೆಂಪಿಯ ಮೇಲೆ ಹಾಲಿಟ್ಟಳು. ಬೇಲಿಯ ಆಚೆ ಪಕ್ಕದ ಮನೆಯ ಸರಸಕ್ಕ ಕಂಡಳು. ಎರಡು ಮಾತಾಡಿ ಬರೋಣ ಅಂತ ಹೋದಳು. ಎರಡು ಮಾತು ಇಪ್ಪತ್ತಾಯಿತು. ಮಾತೆಲ್ಲ ಯಾವುದರದು? ಕೆಂಪಿಯದೇ. ನಮ್ಮ ಕೆಂಪಿಯಂಥ ಒಲೆ ಇಲ್ಲ, ನನ್ನಂತೆ ಒಲೆ ನೋಡಿಕೊಳ್ಳುವವರಿಲ್ಲ!

ಇತ್ತ ಹಾಲು ಏರಿತು. ಹಾಲು ಉಕ್ಕಿತು. ಸುರುಳಿಯ ಮೇಲೆ ಚುಯ್ ಅಂತು. ಸುರುಳಿಯ ಒಳಗೆ ಇಳಿಯಿತು. ಟಪ್!

ಕೆಂಪಿ ಕಣ್ಣು ಮುಚ್ಚಿತು.

ಸಣ್ಣತಾಯಮ್ಮ ಓಡಿ ಬಂದಳು. ಕಿಟಕಿಯಲ್ಲಿ ಬೋಡಿ ಬೆಕ್ಕು ಕೂತಿತ್ತು. ಬೇರೆ ಯಾರೂ ಇರಲಿಲ್ಲ. ಕಣ್ಣು ಬಿಡೇ ಕೆಂಪಿ, ನಲವತ್ತು ತಟ್ಟೆ ಕಾಯುತ್ತಿವೆ ಅಂತ ಬೇಡಿದಳು.

"ಫ್ಯೂಸ್ ಕಟ್ಟದೆ ಕಣ್ಣು ಬಿಡಲ್ಲ," ಅಂತು ಕೆಂಪಿ.

ಫ್ಯೂಸ್ ಕಟ್ಟುವವನು ವೈರ್‌ಮನ್ ಭದ್ರಣ್ಣ. ಸಣ್ಣತಾಯಮ್ಮ ಭದ್ರಣ್ಣನ ಹತ್ತಿರ ಹೋದಳು.

"ಭದ್ರಣ್ಣ, ಭದ್ರಣ್ಣ, ಒಲೆ ತಾನಾಗೇ ಕೆಟ್ಟೋಯ್ತು.
ಫ್ಯೂಸ್ ಕಟ್ಟದೆ ಕೆಂಪಿ ಕಣ್ಣು ಬಿಡಲ್ಲ.
ನಲವತ್ತು ತಟ್ಟೆ ಖಾಲಿ ಕಣಪ್ಪ!"

ಭದ್ರಣ್ಣ ಎದೆ ಉಬ್ಬಿಸಿದ. ಇಪ್ಪತ್ತು ವರ್ಷದಿಂದ ವೈರು ಹಿಡಿದವನು, ಒಂದು ಸಲವೂ ಶಾಕ್ ಹೊಡೆಸಿಕೊಂಡವನಲ್ಲ. ಅವನ ಹಳೇ ರಬ್ಬರ್ ಗ್ಲೌಸು ಹೆಬ್ಬೆರಳ ಹತ್ತಿರ ಹರಿದಿತ್ತು.

"ಗ್ಲೌಸ್ ಇಲ್ಲದೆ ಫ್ಯೂಸ್ ಕಟ್ಟಲ್ಲ ತಾಯಮ್ಮ. ಮೊದಲು ಮೇನ್ ಸ್ವಿಚ್ ಆರಿಸು. ಒಲೆ ಮುಟ್ಟಬೇಡ. ಕೆಂಪು ಹೋಯ್ತು ಅಂತ ಬಿಸಿ ಹೋಗಿರಲ್ಲ."

ಸಣ್ಣತಾಯಮ್ಮ ಓಡಿಹೋಗಿ, ಕೈ ಒರೆಸಿಕೊಂಡು, ಮೇನ್ ಸ್ವಿಚ್ ಆರಿಸಿದಳು. ಅಲ್ಲಿಂದ ಹೊಸ ಗ್ಲೌಸಿಗೆ ಅಂತ ಪವರ್‌ಹೌಸಿನ ಸ್ಟೋರಿಗೆ ಹೋದಳು. ಸ್ಟೋರಿನಲ್ಲಿ ದಾಕ್ಷಾಯಣಮ್ಮ, ಮೂಗಿನ ತುದಿಯಲ್ಲಿ ಕನ್ನಡಕ, ಸೊಂಟದಲ್ಲಿ ಬೀಗದ ಕೈ.

"ದಾಕ್ಷಾಯಣಮ್ಮ, ದಾಕ್ಷಾಯಣಮ್ಮ, ಒಲೆ ತಾನಾಗೇ ಕೆಟ್ಟೋಯ್ತು.
ಗ್ಲೌಸ್ ಇಲ್ಲದೆ ಭದ್ರಣ್ಣ ಫ್ಯೂಸ್ ಕಟ್ಟಲ್ಲ.
ಫ್ಯೂಸ್ ಕಟ್ಟದೆ ಕೆಂಪಿ ಕಣ್ಣು ಬಿಡಲ್ಲ.
ನಲವತ್ತು ತಟ್ಟೆ ಖಾಲಿ ಕಣ್ರೀ!"

ದಾಕ್ಷಾಯಣಮ್ಮನಿಗೂ ಹೆಮ್ಮೆ ಕಡಿಮೆಯೇನಲ್ಲ. ಆಕೆಯ ಸ್ಟೋರಿನಲ್ಲಿ ಒಂದು ಮೊಳೆಯೂ ಕಳೆದದ್ದಿಲ್ಲ.

"ಚೀಟಿ ಇಲ್ಲದೆ ಗ್ಲೌಸ್ ಕೊಡಲ್ಲ. ನಮ್ಮಪ್ಪ ಬಂದ್ರೂ ಕೊಡಲ್ಲ."

ಚೀಟಿ ಬರೆಯುವವರು ಇಂಜಿನಿಯರ್ ಇಮ್ತಿಯಾಜ್ ಸಾಹೇಬರು. ಸಣ್ಣತಾಯಮ್ಮ ಮೆಟ್ಟಿಲು ಹತ್ತಿದಳು. ಒಂದು, ಎರಡು, ಮೂರು, ಮೂವತ್ತು ಮೆಟ್ಟಿಲು. ಗಡಿಯಾರ ಹನ್ನೊಂದು ಹೊಡೆಯಿತು.

"ಸಾಹೇಬ್ರೇ, ಸಾಹೇಬ್ರೇ, ಒಲೆ ತಾನಾಗೇ ಕೆಟ್ಟೋಯ್ತು.
ಚೀಟಿ ಇಲ್ಲದೆ ದಾಕ್ಷಾಯಣಮ್ಮ ಗ್ಲೌಸ್ ಕೊಡಲ್ಲ.
ಗ್ಲೌಸ್ ಇಲ್ಲದೆ ಭದ್ರಣ್ಣ ಫ್ಯೂಸ್ ಕಟ್ಟಲ್ಲ.
ಫ್ಯೂಸ್ ಕಟ್ಟದೆ ಕೆಂಪಿ ಕಣ್ಣು ಬಿಡಲ್ಲ.
ನಲವತ್ತು ತಟ್ಟೆ ಖಾಲಿ ಸ್ವಾಮಿ!"

ಸಾಹೇಬರು ಒಂದು ದಪ್ಪ ಪುಸ್ತಕ ತೆರೆದರು. ಪವರ್‌ಹೌಸಿನಲ್ಲಿ ಏನು ಕೆಟ್ಟರೂ ಆ ಪುಸ್ತಕದಲ್ಲಿ ಬರೆಯುತ್ತಾರೆ. ಕೆಟ್ಟದ್ದು ಏನು, ಕೆಟ್ಟದ್ದು ಯಾಕೆ.

"ಯಾವುದೂ ತಾನಾಗೇ ಕೆಡಲ್ಲ ಸಣ್ಣತಾಯಮ್ಮನವರೇ. ಕಾರಣ ತಿಳಿಯದೆ ಫ್ಯೂಸ್ ಕಟ್ಟಿದ್ರೆ ಮತ್ತೆ ಸುಡುತ್ತೆ. ಆಗ ಫ್ಯೂಸ್ ಒಂದೇ ಸುಡಲ್ಲ, ಅಡುಗೆಮನೇನೂ ಸುಡುತ್ತೆ. ಕಾರಣ ತಿಳಿಯದೆ ನಾನು ಚೀಟಿ ಬರೆಯಲ್ಲ."

ಸಣ್ಣತಾಯಮ್ಮನಿಗೆ ಕಾರಣ ಗೊತ್ತಿತ್ತಲ್ಲ? ಗೊತ್ತಿತ್ತು ಮಕ್ಕಳೇ. ಹೇಳಿದಳೇ? ಹೇಳಲಿಲ್ಲ. ಕೇಳಿಕೊಂಡು ಬರ್ತೀನಿ ಅಂದಳು. ಮೂವತ್ತು ಮೆಟ್ಟಿಲು ಇಳಿದಳು. ಸರಸಕ್ಕನ ಬೇಲಿಗೆ ಹೋದಳು.

"ಸರಸಕ್ಕ, ಸರಸಕ್ಕ, ಒಲೆ ತಾನಾಗೇ ಕೆಟ್ಟೋಯ್ತು ಅಂತ ಹೇಳು ಬಾ.
ಕಾರಣ ತಿಳಿಯದೆ ಸಾಹೇಬ್ರು ಚೀಟಿ ಬರೆಯಲ್ಲ.
ಚೀಟಿ ಇಲ್ಲದೆ ದಾಕ್ಷಾಯಣಮ್ಮ ಗ್ಲೌಸ್ ಕೊಡಲ್ಲ.
ಗ್ಲೌಸ್ ಇಲ್ಲದೆ ಭದ್ರಣ್ಣ ಫ್ಯೂಸ್ ಕಟ್ಟಲ್ಲ.
ಫ್ಯೂಸ್ ಕಟ್ಟದೆ ಕೆಂಪಿ ಕಣ್ಣು ಬಿಡಲ್ಲ.
ನಲವತ್ತು ತಟ್ಟೆ ಖಾಲಿ ಕಣೇ!"

ಸರಸಕ್ಕ ಬಟ್ಟೆ ಒಣಹಾಕುತ್ತಿದ್ದಳು. ಅವಳು ಮಾತುಗಾತಿ, ನಿಜ. ಆದರೆ ಸುಳ್ಳುಗಾತಿಯಲ್ಲ. ಅದೇ ಅವಳ ಹೆಮ್ಮೆ.

"ಕಣ್ಣಾರೆ ಕಾಣದೆ ನಾನು ಕಾರಣ ಹೇಳಲ್ಲ ಕಣೇ. ನಾನಿದ್ದದ್ದು ಬೇಲಿ ಹತ್ರ. ಒಳಗಿದ್ದದ್ದು ನಿಮ್ಮ ಬೆಕ್ಕು. ಅದನ್ನ ಕೇಳು."

ಸಣ್ಣತಾಯಮ್ಮ ಬೋಡಿ ಬೆಕ್ಕಿನ ಹತ್ತಿರ ಹೋದಳು. ಬೆಕ್ಕು ಕಿಟಕಿಯಲ್ಲಿ ಕೂತು ಮೀಸೆ ನೆಕ್ಕುತ್ತಿತ್ತು.

"ಬೋಡಿ, ಬೋಡಿ, ಒಲೆ ತಾನಾಗೇ ಕೆಟ್ಟೋಯ್ತು ಅಂತ ಹೇಳು ಬಾ.
ಕಣ್ಣಾರೆ ಕಾಣದೆ ಸರಸಕ್ಕ ಕಾರಣ ಹೇಳಲ್ಲ.
ಕಾರಣ ತಿಳಿಯದೆ ಸಾಹೇಬ್ರು ಚೀಟಿ ಬರೆಯಲ್ಲ.
ಚೀಟಿ ಇಲ್ಲದೆ ದಾಕ್ಷಾಯಣಮ್ಮ ಗ್ಲೌಸ್ ಕೊಡಲ್ಲ.
ಗ್ಲೌಸ್ ಇಲ್ಲದೆ ಭದ್ರಣ್ಣ ಫ್ಯೂಸ್ ಕಟ್ಟಲ್ಲ.
ಫ್ಯೂಸ್ ಕಟ್ಟದೆ ಕೆಂಪಿ ಕಣ್ಣು ಬಿಡಲ್ಲ.
ನಲವತ್ತು ತಟ್ಟೆ ಖಾಲಿ ಕಣೇ ಬೋಡಿ!"

ಬೆಕ್ಕು ಒಂದು ಕಣ್ಣು ತೆರೆಯಿತು.

"ಎಲ್ಲ ಕಂಡಿದ್ದೀನಿ. ಆದ್ರೂ ಬಾಯಿ ಬಿಡಲ್ಲ. ಹಾಲಿಟ್ಟೋರು ಹೇಳದೆ ಬಾಯಿ ಬಿಡಲ್ಲ."

ಹಾಲಿಟ್ಟವರು ಯಾರು? ಸಣ್ಣತಾಯಮ್ಮ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಅಡುಗೆಮನೆಯಲ್ಲಿ ಯಾರೂ ಇಲ್ಲ. ಕೆಂಪಿಯ ಹೊಳೆಯುವ ಬಾಗಿಲಲ್ಲಿ ಮಾತ್ರ ಒಂದು ಮುಖ. ದಿನಾ ತಿಕ್ಕಿ ತಿಕ್ಕಿ ಆಕೆಯೇ ಹೊಳೆಯಿಸಿದ ಬಾಗಿಲು ಅದು. ಒಳಗಿದ್ದದ್ದು ಆಕೆಯದೇ ಮುಖ.

ಸಣ್ಣತಾಯಮ್ಮ ಮೆಲ್ಲಗೆ ಕೂತಳು. ದೊಡ್ಡ ದನಿ ಸಣ್ಣದಾಯಿತು.

"ತಾಯಮ್ಮ, ತಾಯಮ್ಮ, ಒಲೆ ತಾನಾಗೇ..."

ತನ್ನ ಮುಖಕ್ಕೆ ತಾನೇ ಸುಳ್ಳು ಹೇಳುವುದು ಹೇಗೆ? ಆಕೆಗೆ ನಾಚಿಕೆಯಾಯಿತು. ಅಳುವೂ ಬಂತು. ನನ್ನಂತೆ ಒಲೆ ನೋಡಿಕೊಳ್ಳುವವರಿಲ್ಲ ಅಂತ ಊರಿಗೆಲ್ಲ ಸಾರಿದವಳು, ಒಲೆ ಕೆಡಿಸಿದವಳು ನಾನೇ ಅಂತ ಯಾವ ಬಾಯಲ್ಲಿ ಹೇಳುವುದು? ಹೇಳದಿದ್ದರೆ ಸೈರನ್ನು ಗೆಲ್ಲುತ್ತದೆ. ನಲವತ್ತು ಜನ ಹಸಿದು ಬಂದು ಖಾಲಿ ತಟ್ಟೆ ನೋಡುತ್ತಾರೆ.

ಗಡಿಯಾರ ಹನ್ನೊಂದೂವರೆ ಹೊಡೆಯಿತು.

ಸಣ್ಣತಾಯಮ್ಮ ಎದ್ದಳು. ಸೆರಗು ಸಿಕ್ಕಿಸಿದಳು. ಬೆಕ್ಕಿಗೆ ಮೊದಲು ಹೇಳಿದಳು.

"ಹಾಲಿಟ್ಟೋಳು ನಾನು. ಒಲೆ ಆರಿಸದೆ ಹೋದೋಳು ನಾನು. ಹಾಲು ಉಕ್ಕಿಸಿದೋಳು ನಾನೇ."

ಬೋಡಿ ಬಾಯಿ ಬಿಟ್ಟಿತು. ಮಿಯಾಂವ್, ಹೌದು ಅಂತು.

ಬೇಲಿಯ ಆಚೆ ಸರಸಕ್ಕ ಕೇಳಿಸಿಕೊಂಡಳು. ನಾನೂ ತಾನೇ ಮಾತಿಗೆ ಹಿಡಿದದ್ದು, ನಿನ್ನ ಬದಲು ನಾನೇ ಸಾಹೇಬರಿಗೆ ಹೇಳುತ್ತೇನೆ ಅಂದಳು. ಬೇಡ, ನನ್ನ ಒಲೆ, ನಾನೇ ಹೇಳುತ್ತೇನೆ ಅಂದಳು ಸಣ್ಣತಾಯಮ್ಮ. ಮೂವತ್ತು ಮೆಟ್ಟಿಲು ಹತ್ತಿದಳು. ಸಾಹೇಬರ ಮುಂದೆ ನೆಟ್ಟಗೆ ನಿಂತಳು.

"ಹಾಲಿಟ್ಟೋಳು ನಾನು. ಒಲೆ ಆರಿಸದೆ ಹೋದೋಳು ನಾನು. ಹಾಲು ಉಕ್ಕಿಸಿದೋಳು ನಾನೇ. ಬರ್ಕೊಳ್ಳಿ ಸ್ವಾಮಿ."

ಸಾಹೇಬರು ಬರೆದುಕೊಂಡರು. ಬರೆದು ತಲೆಯೆತ್ತಿದರು.

"ಈ ಪುಸ್ತಕದಲ್ಲಿ ಇಲಿ ಕಾರಣ ಅಂತ ಇದೆ. ಹಲ್ಲಿ ಕಾರಣ ಅಂತ ಇದೆ. ಗಾಳಿ ಕಾರಣ, ಮಳೆ ಕಾರಣ ಅಂತ ಇದೆ. ನಾನೇ ಕಾರಣ ಅಂತ ಬರೆಸಿದೋರು ನೀವೇ ಮೊದಲು."

ಆಮೇಲೆ ನೋಡಿ, ಮಕ್ಕಳೇ, ಎಲ್ಲ ಹೇಗೆ ಓಡಿತು!

ಕಾರಣ ತಿಳಿಯಿತು, ಸಾಹೇಬರು ಚೀಟಿ ಬರೆದರು.
ಚೀಟಿ ಬಂತು, ದಾಕ್ಷಾಯಣಮ್ಮ ಗ್ಲೌಸ್ ಕೊಟ್ಟರು.
ಗ್ಲೌಸ್ ಬಂತು, ಭದ್ರಣ್ಣ ಎದ್ದು ಬಂದ.

ಬಂದವನೇ ಮೇನ್ ಸ್ವಿಚ್ ಆರಿದೆಯೋ ಅಂತ ನೋಡಿದ. ಆರಿತ್ತು. ಸುರುಳಿ ತಣ್ಣಗಾಗಿದೆಯೋ ಅಂತ ನೋಡಿದ. ತಣ್ಣಗಾಗಿತ್ತು. ಚೆಲ್ಲಿದ ಹಾಲು ಒರೆಸು ಅಂದ. ಸಣ್ಣತಾಯಮ್ಮ ಬಟ್ಟೆ ಒದ್ದೆ ಮಾಡಿ, ಗಟ್ಟಿಯಾಗಿ ಹಿಂಡಿ, ಒರೆಸಿದಳು. ಒಣಬಟ್ಟೆಯಲ್ಲಿ ಇನ್ನೊಂದು ಸಲ ಒರೆಸಿದಳು. ಭದ್ರಣ್ಣ ಬಗ್ಗಿ ಸುರುಳಿಯ ಒಳಗೆಲ್ಲ ನೋಡಿದ. ಒಂದು ಹನಿಯೂ ಇರಲಿಲ್ಲ. ಆಮೇಲೆ ಗ್ಲೌಸು ಹಾಕಿಕೊಂಡ.

ಭದ್ರಣ್ಣ ಫ್ಯೂಸ್ ಕಟ್ಟಿದ.
ಸಣ್ಣತಾಯಮ್ಮ ಒಣಗಿದ ಕೈಯಲ್ಲಿ ಮೇನ್ ಸ್ವಿಚ್ಚು ಹಾಕಿದಳು.
ಕೆಂಪಿ ಕಣ್ಣು ಬಿಟ್ಟಿತು!

ಆಗ ಗಂಟೆ ಹನ್ನೆರಡು. ಉಳಿದದ್ದು ಒಂದೇ ಗಂಟೆ. ಒಂದು ಸುರುಳಿಯ ಮೇಲೆ ಸಾರು. ಒಂದು ಸುರುಳಿಯ ಮೇಲೆ ಪಲ್ಯ. ಎರಡು ಸುರುಳಿಯ ಮೇಲೆ ಎರಡು ಹಂಡೆ ಮುದ್ದೆ. ಸರಸಕ್ಕ ಬೇಲಿ ದಾಟಿ ಬಂದು ಸೊಪ್ಪು ಬಿಡಿಸಿದಳು. ಭದ್ರಣ್ಣ ತಟ್ಟೆ ಜೋಡಿಸಿದ. ಸಣ್ಣತಾಯಮ್ಮ ಕೋಲು ಹಾಕಿ ತಿರುವಿದಳು, ತಿರುವಿದಳು, ತಿರುವಿದಳು. ಮುದ್ದೆ ಕಟ್ಟಿದಳು. ಹತ್ತು, ಇಪ್ಪತ್ತು, ಮೂವತ್ತು. ಮೂವತ್ತೆಂಟು. ಮೂವತ್ತೊಂಬತ್ತು.

ನಲವತ್ತನೆಯ ಮುದ್ದೆ ತಟ್ಟೆಗೆ ಬಿತ್ತು. ಊಂ ಅಂತ ಸೈರನ್ನು ಕೂಗಿತು.

ಇವತ್ತೂ ಸೈರನ್ನು ಗೆಲ್ಲಲಿಲ್ಲ.

ಊಟಕ್ಕೆ ಬಂದವರಿಗೆಲ್ಲ ಸಣ್ಣತಾಯಮ್ಮ ತಾನೇ ಹೇಳಿದಳು, ಅದೂ ತನ್ನ ದೊಡ್ಡ ದನಿಯಲ್ಲಿ. ಹಾಲು ಉಕ್ಕಿಸಿದ್ದು ನಾನು, ಸಾಹೇಬರ ಪುಸ್ತಕದಲ್ಲಿ ನನ್ನ ಹೆಸರಿದೆ, ಬೇಕಾದರೆ ನೋಡಿ ಬನ್ನಿ ಅಂದಳು. ಆಕೆಗೆ ಈಗ ಅದೂ ಒಂದು ಹೆಮ್ಮೆ. ನಲವತ್ತು ಜನ ನಕ್ಕರು. ನಕ್ಕು, ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಮನೆಗೆ ಹೋಗಿ ತಮ್ಮ ತಮ್ಮ ಒಲೆ ಆರಿಸಿದರು.

ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆ. ಕೆಂಪಿಯ ಮೇಲೆ ಹಾಲು. ಬೇಲಿಯ ಆಚೆ ಸರಸಕ್ಕ. ಎರಡು ಮಾತಾಡೋಣ ಬಾರೇ ಅಂತ ಕರೆದಳು.

"ಇರು ಸರಸಕ್ಕ. ಹಾಲು ಕಾಯಲಿ. ಒಲೆ ಆರಿಸಿ ಬರ್ತೀನಿ."

ಸಣ್ಣತಾಯಮ್ಮ ಒಲೆಯ ಮುಂದೆಯೇ ನಿಂತಳು. ಹಾಲು ಏರಿತು. ಉಕ್ಕುವ ಮೊದಲೇ ಇಳಿಸಿದಳು. ಕೈ ಒರೆಸಿಕೊಂಡು ಸ್ವಿಚ್ಚು ಆರಿಸಿದಳು. ಕೆಂಪಿ ಕಣ್ಣು ಮುಚ್ಚಿತು. ಈ ಸಲ ಕೆಟ್ಟು ಮುಚ್ಚಿದ್ದಲ್ಲ, ನಿದ್ದೆಗೆ ಮುಚ್ಚಿದ್ದು.

ಒಲೆ ತಣ್ಣಗಾಯಿತು, ನನ್ನ ಕಥೆಯೂ ಇಳಿಯಿತು. ಹೇಳಿದ ನನಗೆ ಒಂದು ಬಿಸಿ ಮುದ್ದೆ, ಕೇಳಿದ ನಿಮಗೆ ಒಂದೊಂದು ಲೋಟ ಹಾಲು. ಉಕ್ಕದ ಹಾಲು.